ಕಾಂಚೀಪುರದ ಕೊಳದ ಬದಿಯ ಕಲ್ಲು

ಗಿರಿಜಮ್ಮನವರೇ, ಕಾಂಚೀಪುರದ ಕೊಳದ ಬದಿಯಲ್ಲಿರುವ ಆ ಕಲ್ಲಿಗೆ ಯಾವ ಮಹಿಮೆಯೂ ಇಲ್ಲ. ಮೂಕನಾಗಿದ್ದ ಹೂಕಟ್ಟುವವನಿಗೆ ಅಲ್ಲಿ ಮಾತು ಬಂತು ಎನ್ನುವ ಕಥೆ ಯಾವ ಪುರಾಣದಲ್ಲೂ ಇಲ್ಲ. ಅದನ್ನು ಕಟ್ಟಿದವನು ನಾನು—ನಿಮ್ಮನ್ನು ಟೂರಿಗೆ ಕರೆದುಕೊಂಡು ಹೋಗುವ ಮುನಿರಾಜು—ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನಿಂತ ನಿಲುವಿನಲ್ಲಿ. ನೀವು ನಂಬಿದಿರಿ. ನಂಬಿದ್ದು ನಿಮ್ಮ ತಪ್ಪಲ್ಲ.

ಇದನ್ನು ಎದುರಿಗೆ ಬಂದು ಹೇಳಬಹುದಿತ್ತು. ಸಿಂಗಸಂದ್ರದ ನಮ್ಮ ಮನೆಗೂ ನಿಮ್ಮ ಅಪಾರ್ಟ್‌ಮೆಂಟಿಗೂ ಹತ್ತು ನಿಮಿಷದ ದಾರಿ. ಆದರೆ ನನ್ನ ಬಾಯಿ ಎಂಥದ್ದೆಂದು ನಿಮಗೆ ಗೊತ್ತು. ನಾಲ್ಕು ಮಾತು ಆಡುವಷ್ಟರಲ್ಲಿ ಒಗ್ಗರಣೆ ಬೀಳುತ್ತದೆ, ನೀವು ನಗುತ್ತೀರಿ, ನಾನು ಜಾರಿಕೊಳ್ಳುತ್ತೇನೆ. ಎರಡು ಸಲ ಹಾಗೇ ಆಯಿತು. ನಿಮ್ಮ ಮನೆಯ ಸೋಫಾದಲ್ಲಿ ಕೂತು, ನೀವು ಕೊಟ್ಟ ಮಂಡಕ್ಕಿ ತಿಂದು, ಮಳೆ ಬೆಳೆ ಮಾತಾಡಿ ಎದ್ದು ಬಂದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆ ಶನಿವಾರವನ್ನು ನಡೆದ ಹಾಗೆಯೇ ಹೇಳುತ್ತೇನೆ. ನನ್ನ ಟೆಂಪೊ ಟ್ರಾವೆಲರ್‌ನಲ್ಲಿ ಹದಿನಾಲ್ಕು ಜನ, ಹೆಚ್ಚಿನವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಗಂಡಹೆಂಡಿರು. ಮುಂದಿನ ಸೀಟಿನಲ್ಲಿ ನೀವು, ಪಕ್ಕದಲ್ಲಿ ನಿಮ್ಮ ಯಜಮಾನರು. ಮೇಷ್ಟ್ರಿಗೆ ಲಕ್ವ ಹೊಡೆದು ಆಗ ಐದು ತಿಂಗಳು. ಕೈಕಾಲು ಬಹುಮಟ್ಟಿಗೆ ಸರಿಹೋಗಿತ್ತು, ಮಾತು ಮಾತ್ರ ಮರಳಿರಲಿಲ್ಲ. ಹಾವೇರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ನೀರು ಬೇಕೆಂದರೂ ಬೆರಳು ತೋರಿಸಬೇಕಾಗಿತ್ತು. ಹೊಸೂರು ದಾಟುವುದರೊಳಗೆ ಇದನ್ನೆಲ್ಲ ನೀವೇ ನನಗೆ ಹೇಳಿದ್ದಿರಿ. ದಿನ ಬಿಟ್ಟು ದಿನ ಆಟೊ ಮಾಡಿಕೊಂಡು ಆಸ್ಪತ್ರೆಗೆ ಹೋಗಿ ಮಾತಿನ ಅಭ್ಯಾಸ ಮಾಡಿಸುತ್ತೀರೆಂದೂ, ಒಂದೊಂದು ಅಕ್ಷರಕ್ಕೆ ಅವರು ಬೆವರುವುದನ್ನು ನೋಡಲಾಗುವುದಿಲ್ಲವೆಂದೂ ಹೇಳಿದ್ದಿರಿ.

ತಮಿಳುನಾಡಿನ ದೊಡ್ಡ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಮತ್ತೆ ತೆರೆಯುವುದು ನಾಲ್ಕಕ್ಕೆ. ಈ ಕೆಲಸಕ್ಕೆ ಇಳಿದವನು ಮೊದಲು ಕಲಿಯುವ ಪಾಠವೇ ಅದು. ಬೆಳಗಿನ ಜಾವ ಹೊರಟು, ದಾರಿಯಲ್ಲಿ ಅರ್ಧ ಗಂಟೆ ತಿಂಡಿ, ಹತ್ತೂವರೆಗೆ ಕಾಂಚಿ. ಅವತ್ತು ನಾವು ಮುಟ್ಟಿದ್ದು ಹನ್ನೆರಡೂ ಮುಕ್ಕಾಲಿಗೆ. ರಸ್ತೆಯಲ್ಲಿ ಟ್ರಾಫಿಕ್ ಇತ್ತು ಎಂದು ನಿಮಗೆಲ್ಲ ಹೇಳಿದೆ. ಅದು ಮೊದಲ ಸುಳ್ಳು. ಕೃಷ್ಣಗಿರಿ ಆಚೆಯ ಹೋಟೆಲಿನಲ್ಲಿ, ಗಾಡಿ ತುಂಬ ಜನರನ್ನು ತಂದವರಿಗೆ ಒಳಗಿನ ಕೋಣೆಯಲ್ಲಿ ಬೇರೆ ಎಲೆ ಹಾಕುತ್ತಾರೆ, ಬಿಲ್ಲಿಲ್ಲ. ನಾನೂ ಡ್ರೈವರೂ ಪೊಂಗಲ್, ವಡೆ, ಮೇಲೊಂದು ತುಪ್ಪದ ದೋಸೆ ಮುಗಿಸಿ, ಹೋಟೆಲ್ ಯಜಮಾನನ ಜೊತೆ ಹರಟೆಗೆ ಕೂತೆವು. ನೀವೆಲ್ಲ ಹೊರಗೆ ಕಾಯುತ್ತಿದ್ದಿರಿ. ಬೈಪಾಸ್ ಪಕ್ಕದ ಅವನ ಜಮೀನಿನ ಸುದ್ದಿ ಕೇಳುತ್ತ ಎರಡು ಗಂಟೆ ಕಳೆದೆ.

ಬಾಗಿಲು ಹಾಕಿತ್ತು. ಬಿಸಿಲು ಧಗಧಗ. ಹಿಂದಿನ ಸೀಟಿನ ಹುಡುಗ ಬೈಯಲು ಶುರು ಮಾಡಿದ.

“ಏನ್ ಗುರು ಇದು? ನಾಲ್ಕ್ ಗಂಟೆವರ್ಗೂ ಇಲ್ಲಿ ಏನ್ ಮಾಡೋದು? ಸೀರೆ ಅಂಗ್ಡಿ ಅಂತ ಮಾತ್ರ ಹೇಳ್ಬೇಡ. ಗೂಗಲ್‌ನಲ್ಲಿ ಬರೀತೀನಿ ನೋಡು ನಿನ್ ಬಗ್ಗೆ.”

ಎಲ್ಲರೂ ಅವನ ಕಡೆಯೇ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಮಾನ ಹೋಗುತ್ತದೆಂಬ ಹೆದರಿಕೆ. ದೇವಸ್ಥಾನದ ಹೊರಗಿನ ಕೊಳದ ಪಕ್ಕ ಒಂದು ಕಪ್ಪು ಕಲ್ಲು ಕಂಡಿತು. ಮೆಟ್ಟಿಲು ರಿಪೇರಿ ಮಾಡಿದಾಗ ಮಿಕ್ಕಿದ ಕಲ್ಲು ಅದು. ತಂದು ಹಾಕಿದ್ದನ್ನು ಹಿಂದಿನ ವರ್ಷ ನಾನೇ ಕಣ್ಣಾರೆ ನೋಡಿದ್ದೆ.

“ಬಾಗ್ಲು ಹಾಕಿದ್ದೇ ಒಳ್ಳೇದಾಯ್ತು ಕಣ್ರೀ,” ಎಂದೆ. “ಒಳಗಿರೋದನ್ನ ಎಲ್ರೂ ನೋಡ್ತಾರೆ. ಇದು ಗೊತ್ತಿರೋರಿಗೆ ಮಾತ್ರ.”

ಆಮೇಲೆ ಬಂದದ್ದು ಹೂಕಟ್ಟುವವನ ಕಥೆ. ಹುಟ್ಟುಮೂಕ, ಶಿವನಿಗೆ ದಿನವೂ ಮಾಲೆ ಕಟ್ಟುತ್ತಿದ್ದವನು, ಈ ಕಲ್ಲಿಗೆ ಹಣೆ ಹಚ್ಚಿ ಅತ್ತಾಗ ಮಾತು ಬಂತು. ಒದ್ದೆ ಕಾಲಿನಲ್ಲಿ ಒಂಬತ್ತು ಸುತ್ತು ಹಾಕಿದರೆ ಸಿಕ್ಕಿಕೊಂಡ ಮಾತು ಬಿಡುತ್ತದೆ. ಹೋದ ಮಾತು ಮರಳುತ್ತದೆ.

ಈಗ ಹೇಳಲೇಬೇಕಾದದ್ದಕ್ಕೆ ಬಂದೆ. ಕಥೆ ಕಟ್ಟಿದ್ದು ಒಂದು ತಪ್ಪು. ಆದರೆ ಏನೇನೋ ಹೇಳಬಹುದಿತ್ತಲ್ಲ—ಮಂಡಿನೋವು, ಮದುವೆ, ಪ್ರಮೋಷನ್—ಅವನ್ನೆಲ್ಲ ಬಿಟ್ಟು ಮಾತನ್ನೇ ಯಾಕೆ ಆರಿಸಿದೆ? ಬಾಯಿಗೆ ಬಂದದ್ದು ಹೇಳಿದೆ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸುಳ್ಳು. ಬಾಯಿ ತೆರೆಯುವ ಮೊದಲು ನಾನು ನಿಮ್ಮ ಮುಖ ನೋಡಿದ್ದೆ. ಎಲ್ಲರೂ ಗೊಣಗುತ್ತಿದ್ದರೂ, ಈ ಒಂದು ಮಾತು ಹೇಳಿದರೆ ನೀವು ಎದ್ದೇ ಏಳುತ್ತೀರಿ, ಇಬ್ಬರು ಹಿರಿಯರು ಎದ್ದ ಮೇಲೆ ಉಳಿದವರು ಬಾಯಿ ಮುಚ್ಚಿಕೊಂಡು ಹಿಂದೆ ಬರುತ್ತಾರೆ—ಇಷ್ಟು ಲೆಕ್ಕ ಹಾಕಿಯೇ ಹೇಳಿದೆ. ಗಾಡಿಯಲ್ಲಿ ನೀವು ಕಣ್ಣೀರು ಹಾಕಿಕೊಂಡು ಹೇಳಿದ ಕಷ್ಟವನ್ನೇ ನಾನು ಬಳಸಿಕೊಂಡೆ.

ಅಂದುಕೊಂಡ ಹಾಗೇ ಆಯಿತು. ನೀವು ಕೊಳದಲ್ಲಿ ಮೇಷ್ಟ್ರ ಕಾಲು ತೊಳೆಸಿ, ಕೈ ಹಿಡಿದು ಸುತ್ತಿಸಿದಿರಿ. ಬೈಯುತ್ತಿದ್ದ ಹುಡುಗ ಚಪ್ಪಲಿ ಬಿಟ್ಟು ವೀಡಿಯೊ ಮಾಡಿಕೊಂಡ. ಐದನೆಯ ಸುತ್ತಿಗೆ ಪಾದದ ಒದ್ದೆ ಆರಿಹೋಗಿತ್ತು. ಹಾಸುಗಲ್ಲು ಕಾದ ಹಂಚು. ಮೇಷ್ಟ್ರು “ಹಾ” ಎಂದರು.

“ಕೇಳಿದ್ರೇನ್ರಿ! ಅಂದ್ರು ನೋಡ್ರಿ, ಏನೋ ಅಂದ್ರು!” ಎಂದು ನೀವು ಕೂಗಿದಿರಿ. ನನ್ನೆರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿರಿ. “ನೀವು ದೇವರು ಬಂದಂಗ ಬಂದ್ರಿ ತಮ್ಮಾ.”

ಅವರು ಅಂದದ್ದು ಕಾಲು ಸುಟ್ಟಿದ್ದಕ್ಕೆ. ನನಗೆ ಗೊತ್ತಿತ್ತು. ಅವರ ಪಾದ ನೋಡಿದೆ, ಕೆಂಪಗಾಗಿತ್ತು.

ಸಂಜೆ ದರ್ಶನವಾಯಿತು, ಗೋಪುರದ ಮುಂದೆ ಎಲ್ಲರ ಫೋಟೊ ಆಯಿತು. ಗಾಡಿ ಹತ್ತುವಾಗ ನೀವು ಹೇಳಿದಿರಿ: “ಇನ್ನ ಆಸ್ಪತ್ರಿಗೆ ಅಲೆಯೂದು ಬ್ಯಾಡ. ಅಲ್ಲಿ ಅ ಆ ಅನ್ನಿಸಿ ಇವರನ್ನ ಅಳಸ್ತಾರ. ವರ್ಷಾ ಇಲ್ಲಿಗೆ ಬರೂಣು.”

ಆ ಕ್ಷಣ ಒಂದು ಮಾತು ಸಾಕಿತ್ತು. ‘ಬೇಡಮ್ಮ, ಆಸ್ಪತ್ರೆ ಬಿಡಬೇಡಿ’—ಇಷ್ಟೇ. ಕಥೆ ಸುಳ್ಳೆಂದು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ನಾನು ಏನು ಹೇಳಿದೆ, ನೆನಪಿದೆಯೆ?

“ನಿಮ್ಮಿಷ್ಟ ಅಮ್ಮ. ನಂಬ್ಕೆ ಮುಖ್ಯ.”

ಹಾಗೆಂದು ಗಾಡಿಯ ಬಾಗಿಲು ಹಾಕಿದೆ. ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸಿದೆ.

ಮರುವರ್ಷವೂ ಬಂದಿರಿ. ಅಷ್ಟರಲ್ಲಿ ಆ ಹುಡುಗನ ವೀಡಿಯೊ ನೋಡಿ ಬೇರೆಯವರೂ ಕೇಳತೊಡಗಿದ್ದರು. ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದರು, ಮುಂದೆ ಒಂದು ದೀಪ. ಬೇರೆ ಗೈಡುಗಳು ನನ್ನ ಕಥೆಯನ್ನೇ ನನ್ನ ಮುಂದೆ ಹೇಳುತ್ತಿದ್ದರು. ನನಗೆ ನಾಚಿಕೆ ಆಗಬೇಕಿತ್ತು—ಹೆಮ್ಮೆ ಆಯಿತು. ಇದನ್ನೂ ಬರೆದುಬಿಡುತ್ತೇನೆ, ಬಚ್ಚಿಟ್ಟು ಫಲವಿಲ್ಲ.

ಈ ವರ್ಷದ್ದು ಮಾತ್ರ ನನ್ನಿಂದ ಅರಗಿಸಿಕೊಳ್ಳಲಾಗಲಿಲ್ಲ. ಮೇಷ್ಟ್ರು ಕೊಳದ ಬಳಿ ನಿಂತುಬಿಟ್ಟರು. ನೀವು ಕೈ ಹಿಡಿದೆಳೆದರೆ ತಲೆ ಅಲ್ಲಾಡಿಸಿದರು. ಬೇಡ, ಬರುವುದಿಲ್ಲ. ನಿಮಗೆ ದುಃಖವೂ ಸಿಟ್ಟೂ ಒಟ್ಟಿಗೇ ಬಂತು.

“ನಂಬಿಕಿ ಇಲ್ರಿ ನಿಮಗ! ಅದಕ್ಕ ಮಾತು ಬರವಲ್ದು. ಹೂ ಕಟ್ಟಾವಗ ಬಂತು, ನಿಮಗ್ಯಾಕ ಬರವಲ್ದು?”

ಮೇಷ್ಟ್ರು ನನ್ನ ಕಡೆ ನೋಡಿದರು. ಬಹಳ ಹೊತ್ತೇನೂ ಅಲ್ಲ. ಆಮೇಲೆ ತಲೆ ತಗ್ಗಿಸಿ, ತಪ್ಪು ಮಾಡಿದವರ ಹಾಗೆ, ಒಂಬತ್ತೂ ಸುತ್ತು ಹಾಕಿದರು. ನಾನು ಪಕ್ಕದಲ್ಲಿ ನಿಮ್ಮ ಚೀಲ ಹಿಡಿದು ನಿಂತಿದ್ದೆ. ಎಲ್ಲೂ ಇಲ್ಲದ ಒಬ್ಬ ಹೂಕಟ್ಟುವವನ ಮುಂದೆ ಅವರು ಸೋತರು. ಮೇಷ್ಟ್ರ ಮಾತಷ್ಟೇ ಅಲ್ಲ, ಅವರ ಮನೆಯಲ್ಲಿ ಅವರಿಗಿದ್ದ ಮರ್ಯಾದೆಯನ್ನೂ ನಾನು ಕಸಿದುಕೊಂಡಿದ್ದೆ.

ಹೋದ ವಾರ ಆಸ್ಪತ್ರೆಗೆ ಹೋಗಿದ್ದೆ. ಮಾತಿನ ಅಭ್ಯಾಸ ಮಾಡಿಸುವ ಮೇಡಂ ಹತ್ತಿರ, ಹೆಸರು ಹೇಳದೆ ಕೇಳಿದೆ. ಮೊದಲ ತಿಂಗಳುಗಳಲ್ಲಿ ಬಿಡದೆ ಮಾಡಿದ್ದರೆ ಒಳ್ಳೆಯದಿತ್ತು ಎಂದರು. “ಈಗ್ಲೂ ಶುರು ಮಾಡ್ಬಹುದು. ಎಷ್ಟು ಬರತ್ತೆ ಅಂತ ಮಾತ್ರ ನಾನು ಹೇಳಲ್ಲ. ಯಾರ್ರೀ ನಿಲ್ಲಿಸಿದ್ದು?” ಎಂದು ಕೇಳಿದರು. “ನಾನೇ,” ಎಂದೆ. ಮೂರು ವರ್ಷದಲ್ಲಿ ಮೊದಲ ಸಲ ಹಾಗೆ ಹೇಳಿದ್ದು.

ಈಗ ಏನು ಮಾಡುತ್ತೇನೆಂದು ಹೇಳುತ್ತೇನೆ. ಬರುವ ಶನಿವಾರ ಕಾಂಚಿಗೆ ಹೋಗುವವನಿದ್ದೇನೆ. ಆ ಕಲ್ಲಿನ ಮುಂದೆ ನಿಂತು, ಯಾರಿದ್ದರೆ ಅವರಿಗೆ, ಕನ್ನಡದಲ್ಲೂ ತಮಿಳಿನಲ್ಲೂ, ಇದು ನಾನು ಕಟ್ಟಿದ ಕಥೆ ಎಂದು ಹೇಳುತ್ತೇನೆ. ಉಗಿಯುವವರು ಉಗಿಯಲಿ. ಜನ ನಂಬದೆಯೂ ಹೋಗಬಹುದು. ಕಟ್ಟಿದಷ್ಟು ಸುಲಭವಾಗಿ ಕೆಡವಲು ಬರುವುದಿಲ್ಲ ಎಂದು ಗೊತ್ತು. ಆದರೂ ಹೋದಾಗಲೆಲ್ಲ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಗಾಡಿ ನಿಮ್ಮ ಗೇಟಿನ ಮುಂದೆ ಇರುತ್ತದೆ, ಆಸ್ಪತ್ರೆಗೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಡ್ರೈವರೊಬ್ಬನೇ ಬರುತ್ತಾನೆ. ಅದೂ ಬೇಡವೆಂದರೆ ಆಟೊದಲ್ಲಾದರೂ ಹೋಗಿ, ಹೋಗುವುದನ್ನು ಮಾತ್ರ ಬಿಡಬೇಡಿ. ನನ್ನನ್ನು ಕ್ಷಮಿಸಿ ಎಂದು ಕೇಳುತ್ತಿಲ್ಲ. ಕೇಳುವ ಮುಖವೂ ಇಲ್ಲ.

ಒಂದೇ ಒಂದು ಕೇಳಿಕೆ. ಈ ಕಾಗದವನ್ನು ಮೇಷ್ಟ್ರ ಮುಂದೆ ಗಟ್ಟಿಯಾಗಿ ಓದಿ. ಇನ್ನು ಮುಂದಿನದು ಅವರಿಗೆ.

ಮೇಷ್ಟ್ರೇ, ನಿಮ್ಮ ನಂಬಿಕೆಯಲ್ಲಿ ಏನೂ ಕಡಿಮೆ ಇರಲಿಲ್ಲ. ಸುತ್ತುವುದಿಲ್ಲ ಎಂದು ಕೊಳದ ಬಳಿ ತಲೆ ಅಲ್ಲಾಡಿಸಿದಿರಲ್ಲ—ಅವತ್ತು ಅಲ್ಲಿದ್ದವರಲ್ಲಿ ನಿಜ ಹೇಳಿದವರು ನೀವೊಬ್ಬರೇ.