ಹಿಂದಕ್ಕೆ ಜಗ್ಗುವ ಕುಸ್ತೋದಿಯೊ

ಚಿಲೊಯೆ ದ್ವೀಪದಲ್ಲಿ ಮನೆ ಬದಲಿಸುವುದೆಂದರೆ ಮನೆಯನ್ನೇ ಎಳೆದೊಯ್ಯುವುದು. ಮರದ ಮನೆಯನ್ನು ದಿಮ್ಮಿಗಳ ಮೇಲೆ ಕೂರಿಸಿ, ಎತ್ತು ಹೂಡಿ, ಊರೆಲ್ಲ ಸೇರಿ ಸಾಗಿಸುತ್ತಾರೆ. ಅಂಥ ಎಳೆತಗಳಲ್ಲಿ ಕುಸ್ತೋದಿಯೊನ ಜಾಗ ಯಾವಾಗಲೂ ಮನೆಯ ಹಿಂದೆ.

ಪ್ರಾಯದಲ್ಲಿ ಅವನೂ ಮುಂದೆ ಎಳೆಯುವವನೇ. ಒಮ್ಮೆ ಇಳಿಜಾರಿನಲ್ಲಿ, ಮನೆ ಜಾರದಂತೆ ಹಿಡಿದಿದ್ದ ಹಿಂದಿನ ಹಗ್ಗ ಹರಿದು, ಮನೆ ತಾನಾಗಿ ಉರುಳಿ ಬಂತು. ಅವನ ಎತ್ತೊಂದು ಮನೆಯಡಿಗೆ ಸಿಕ್ಕಿ ಸತ್ತಿತು, ಅವನ ಎಡಗಾಲು ಮುರಿಯಿತು. ಅಂದಿನಿಂದ, ಮನೆಯ ಮುಂದಿನ ಎತ್ತುಗಳು ಅವನ ತಮ್ಮ ನೊಲ್ಬೆರ್ತೊನ ಪಾಲಿಗೆ, ಹಿಂದಕ್ಕೆ ಜಗ್ಗಿ ಹಿಡಿಯುವವು ಇವನ ಪಾಲಿಗೆ.

ಅವರ ಅಕ್ಕ ಒರ್ಫೆಲಿನಾ, ಗಂಡ ಸತ್ತ ಮೇಲೆ, ಗುಡ್ಡ ಬಿಟ್ಟು ಕಡಲ ದಂಡೆಗೆ ಇಳಿಯಲು ನಿಶ್ಚಯಿಸಿದಳು. ಎಳೆತದ ದಿನ, ಹೊರಗೆ ಬಾ ಎಂದು ಜನ ಕರೆದರೂ ಕೇಳದೆ ಮನೆಯೊಳಗೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಇಳಿಜಾರಿನ ನಡುವೆ ಮನೆ ಗಕ್ಕನೆ ನಿಂತಿತು. ಹಗ್ಗಗಳು ಎರಡೂ ಕಡೆ ಬಿಗಿದೇ ಇದ್ದವು.

ನೊಲ್ಬೆರ್ತೊ ಏದುಸಿರು ಬಿಡುತ್ತ ಮೇಲೆ ಬಂದ. "ಅಣ್ಣಾ, ಮುಂದೆ ನಂದು ನಾಲ್ಕು ಜೋಡಿ. ಇಳಿಜಾರೇ ಎರಡು ಜೋಡಿಯಷ್ಟು ಎಳೀತದೆ. ನೀನು ಆರು ಜೋಡಿ ಕಟ್ಟಿ ಹಿಂದಕ್ಕೆ ಜಗ್ತಿದೀಯ. ಕೂಡಿ ಕಳೆದ್ರೆ ಏನು ಉಳೀತು? ಸೊನ್ನೆ!"

"ಸೊನ್ನೆ ಆದ್ರೆ ಯಾರೂ ಸಾಯಲ್ಲ ಕಣೋ," ಎಂದ ಕುಸ್ತೋದಿಯೊ. ಅಷ್ಟು ಸಾಲದೆಂಬಂತೆ ಇನ್ನೊಂದು ಜೋಡಿ ಹೂಡಿಸಿದ. ಮನೆ ಕಿರುಗುಟ್ಟುತ್ತ ಗೇಣುದ್ದ ಗುಡ್ಡ ಹತ್ತಿತು! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒರ್ಫೆಲಿನಾ ಕಿಟಕಿಯಿಂದ ತಲೆ ಹೊರಹಾಕಿದಳು. "ಲೋ, ನನ್ನ ವಾಪಸ್ ಮೇಲಕ್ಕೇ ಕಳಿಸ್ತೀಯೇನೋ? ನಿನ್ನ ಕಾಲು ಮುರಿದಿದ್ದು ನಂಗೂ ನೆನಪಿದೆ. ಹಂಗಂತ ನಾನು ಈ ಇಳಿಜಾರಲ್ಲೇ ಸಂಸಾರ ಮಾಡ್ಲಾ?"

ಕುಸ್ತೋದಿಯೊ ಎರಡು ಜೋಡಿ ಬಿಚ್ಚಿದ. ಹಿಂದೆ ಐದೇ ಜೋಡಿ ಉಳಿದವು. ಈಗ ಮನೆ ಬಸುರಿಯ ಹಾಗೆ ಮೆಲ್ಲಗೆ ಕೆಳಗಿಳಿಯತೊಡಗಿತು. ದಂಡೆ ಮುಟ್ಟುವವರೆಗೆ ಅವನ ಕಣ್ಣು ಹಗ್ಗ ಬಿಟ್ಟು ಕದಲಲಿಲ್ಲ.

ಕೆಳಗೆ ಎಲ್ಲರೂ ಸೇಬಿನ ಹೆಂಡಕ್ಕೆ ಕೂತಾಗ ಒರ್ಫೆಲಿನಾ ಹೊಸ್ತಿಲಲ್ಲಿ ನಿಂತು ರಾಗ ತೆಗೆದಳು: "ಬಾಗಿಲು ಕಡಲ ಕಡೆಗೇ ಬಂತಲ್ರೋ! ಗಾಳಿ ಎಲ್ಲಾ ಒಲೆಗೇ ನುಗ್ತದೆ. ಮನೆ ತಿರುಗಿಸಿ."

ಜನ ಗೊಣಗಿದರು. ಕುಸ್ತೋದಿಯೊ ಲೋಟ ಕೆಳಗಿಟ್ಟು, ಕುಂಟುತ್ತ ಹೋಗಿ ಮುಂದಿನ ಎತ್ತುಗಳ ಹಗ್ಗ ಹಿಡಿದ. "ನೊಲ್ಬೆರ್ತೊ, ಹಿಂದೆ ನೀನು ನಿಲ್ಲು," ಎಂದ.