ಒಂಟಿ ಗಾಲಿಗೆ ಹೊಲಿದ ದಿಂಬುಗಳು

ನನ್ನ ಎಲೆಕ್ಟ್ರಿಕ್ ಒಂಟಿ ಗಾಲಿಯನ್ನು ಮೊದಲ ಸಲ ಕಂಡಾಗ ಕಾಕಾ ಕೇಳಿದ್ದು ಒಂದೇ ಮಾತು: "ಇನ್ನೊಂದ ಗಾಲಿ ಎಲ್ಲಿ ಬೀಳಿಸಿ ಬಂದಿ?"

ಅದಕ್ಕೆ ಸೀಟಿಲ್ಲ, ಹ್ಯಾಂಡಲ್ ಇಲ್ಲ. ಎರಡೂ ಬದಿಯ ಮೆಟ್ಟುಗಳ ಮೇಲೆ ನಿಂತು ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ಬಾಗಿದರೆ ನಿಲ್ಲುತ್ತದೆ. ಬ್ಯಾಡಗಿಯ ಡಾಂಬರು ರಸ್ತೆಯಲ್ಲಿ ನನಗದು ಚೆನ್ನಾಗಿ ಒಗ್ಗಿತ್ತು. ಆದರೆ ಆಸೆ ಇದ್ದದ್ದು ಮೋಟೆಬೆನ್ನೂರಿನ ಕಡೆ, ಕಾಕಾನ ಹೊಲದ ಹಿಂದಿನ ಗುಡ್ಡದ ಕಾಲುದಾರಿಯ ಮೇಲೆ. ಅಲ್ಲಿ ಮೂರು ಸಲ ಪ್ರಯತ್ನಿಸಿ ಮೂರೂ ಸಲ ಬಿದ್ದೆ. ಬಿದ್ದ ತಾರೀಖಿನ ಪಕ್ಕದಲ್ಲಿ ಕಾರಣವನ್ನೂ ಡೈರಿಯಲ್ಲಿ ಬರೆಯುವುದು ನನ್ನ ರೂಢಿ. ಸಡಿಲ ಗರಸು ಮಣ್ಣಿನಲ್ಲಿ ಟೈರು ಜಾರಿತು. ಗಾಲಿ ಕಲ್ಲಿಗೆ ಬಡಿದು ಪಾದ ಮೆಟ್ಟಿನಿಂದ ಎದ್ದಿತು. ಮೂರನೆಯ ಸಲವೂ ಅದೇ, ಜೊತೆಗೆ ಮುಂಗೈಗೆ ಪ್ಲಾಸ್ಟರ್. ಪ್ಲಾಸ್ಟರ್ ತೆಗೆದ ದಿನ ಅವ್ವ ಹೇಳಿಬಿಟ್ಟಳು: "ಇನ್ನೊಂದ ಸಲ ನನ್ನ ಕಣ್ಣ ಮುಂದ ಹತ್ತಿ ತೋರ್ಸು. ಆಗ್ಲಿಲ್ಲಂದ್ರ ಅದು ಮನ್ಯಾಗ ಇರಂಗಿಲ್ಲ."

ಕಾರಣಗಳನ್ನು ಒಂದೊಂದಾಗಿ ತೆಗೆಯಲು ಕೂತೆ. ರಾಣೆಬೆನ್ನೂರಿನ ಟೈರ್ ಅಂಗಡಿಯಲ್ಲಿ ನುಣುಪು ಟೈರು ಬಿಚ್ಚಿಸಿ ದಪ್ಪ ಹಲ್ಲುಗಳದ್ದು ಹಾಕಿಸಿದೆ. ಹಲ್ಲುಗಳು ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ ತಾಗುತ್ತಿದ್ದವು; ಅದರ ಒಳಬದಿಯನ್ನು ಅರದಿಂದ ಉಜ್ಜಿ ಜಾಗ ಮಾಡಿದೆ. ಟೈರು ಕಲ್ಲನ್ನು ಅಪ್ಪಿಕೊಳ್ಳಲೆಂದು ಗಾಳಿ ಸ್ವಲ್ಪ ಇಳಿಸಿದೆ. ಪಾದ ಜಾರದಂತೆ ಮೆಟ್ಟುಗಳಿಗೆ ಒರಟು ಪಾಲಿಶ್ ಪೇಪರ್ ಅಂಟಿಸಿದೆ. ಉಳಿದದ್ದು ಗಾಲಿಯ ಎರಡೂ ಬದಿಗೆ ಅಂಟಿಸುವ ದಿಂಬುಗಳು: ಕಣಕಾಲಿನ ಮುಂದೊಂದು, ಹಿಂದೊಂದು. ಏರಿನಲ್ಲಿ ಕಾಲನ್ನು ಅವಕ್ಕೆ ಒತ್ತಿ ಹಿಡಿದರೆ ಗಾಲಿ ಮಾತು ಕೇಳುತ್ತದೆ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ದಿಂಬು ಮಾಡಿದೆ. ಕಾಲು ಜಾರದಂತೆ ಒರಟು ಬಟ್ಟೆ ಬೇಕಿತ್ತು. ಅಪ್ಪನ ಮೆಣಸಿನಕಾಯಿ ಅಂಗಡಿಯಲ್ಲಿ ಹಳೆಯ ಗೋಣಿಚೀಲಕ್ಕೇನು ಬರ? ಒಂದನ್ನು ಕೊಡವಿ, ಕತ್ತರಿಸಿ ಹೊಲಿದೆ. ತೊಳೆಯಬೇಕೆಂದು ಹೊಳೆಯಲೇ ಇಲ್ಲ. ಹೊರಗಿನವರು ನಮ್ಮ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸೀನುತ್ತಾರೆ. ನಮ್ಮ ಮನೆಯವರ ಮೂಗಿಗೆ ಆ ಘಾಟು ತಿಳಿಯುವುದೇ ಇಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಬುತ್ತಿ ಕಟ್ಟಿಕೊಂಡು ಬಂದು ಗುಡ್ಡದ ಬುಡದ ಕಲ್ಲಿನ ಮೇಲೆ ಕೂತಳು. ನಾನು ಹೊರಟೆ. ಟೈರು ಜಾರಲಿಲ್ಲ, ಪಾದ ಅಲುಗಲಿಲ್ಲ. ಹಿಂದೆ ಬಿದ್ದಿದ್ದ ತಿರುವನ್ನೂ ದಾಟಿದೆ. ಅಷ್ಟರಲ್ಲಿ ಬೆವರಿಗೆ ತೆಳು ಪ್ಯಾಂಟು ನೆನೆದು ಎರಡೂ ಕಾಲು ಚುರುಗುಟ್ಟತೊಡಗಿದವು. ಆಮೇಲೆ ಬೆಂಕಿ. ನೆತ್ತಿ ಎದುರಿಗೇ ಕಾಣುತ್ತಿತ್ತು. ಆದರೆ ಉರಿಯುವ ಕಾಲನ್ನು ದಿಂಬಿಗೆ ಒತ್ತಲಾಗದೆ ಗಾಲಿ ತೊನೆಯುತ್ತಿತ್ತು. ಹಿಂದಕ್ಕೆ ಬಾಗಿ ನಿಲ್ಲಿಸಿದೆ. ಇಳಿದೆ.

ಅವ್ವ ಬುತ್ತಿ ಹಿಡಿದೇ ಓಡಿ ಬಂದಳು. "ಏನಾತ? ಕಾಲ್ ಮುರೀತೇನ?"

"ಇಲ್ಲವ್ವಾ, ಉರಿಯಾಕತ್ತಾವು!"

ಅವಳು ದಿಂಬನ್ನು ಬೆರಳಿನಿಂದ ಉಜ್ಜಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಖಾರದ ಚೀಲ ಸುತ್ಕೊಂಡ ಗುಡ್ಡ ಹತ್ತಾಕ ಬಂದಿಯೇನ, ಹುಚ್ಚಿ!" ಎಂದು ನಗುತ್ತಲೇ ಬುತ್ತಿ ಬಿಚ್ಚಿ, ಮೊಸರನ್ನೆಲ್ಲ ನನ್ನ ಕಾಲಿಗೆ ಬಳಿದಳು.

"ಇನ್ನ ರೊಟ್ಟಿಗೇನವ್ವಾ?"

"ಯಾಕ, ಚಟ್ನಿ ನೀನ ತಂದೀಯಲ್ಲ."

ನನಗೆ ನಗು ಬರಲಿಲ್ಲ. "ನೆತ್ತಿ ಮುಟ್ಲಿಲ್ಲ. ಗಾಲಿ ಯಾರಿಗಾದ್ರೂ ಕೊಟ್ಟಬಿಡೋಣ," ಎಂದೆ.

"ಮುಟ್ಲಿಲ್ಲ, ಖರೇ. ಆದ್ರ ಮೊದ್ಲ ಮೂರೂ ಸಲ ಅದು ನಿನ್ನ ಕೆಡವಿತ್ತು. ಇವತ್ತ ನೀನ ಇಳದಿ." ಬೆರಳಿನ ಮೊಸರನ್ನು ಹುಲ್ಲಿಗೆ ಒರೆಸಿದಳು. "ಬೀಳ್ತಾಳಂತ ಅಲ್ಲ ನನಗ ಅಂಜಿಕಿ. ಇಳಿಯಂಗಿಲ್ಲ ಇಕಿ ಅಂತ. ಇರ್ಲಿ ಬಿಡ ಮನ್ಯಾಗ."

ಟೈರು, ಗಾಳಿ, ಮೆಟ್ಟು: ನಾನು ಹುಡುಕಿದ ಕಾರಣಗಳೆಲ್ಲ ಗಾಲಿಯವೇ. ಬೀಳುವ ಮೊದಲು ಎಲ್ಲಿ ನಿಲ್ಲಿಸಬಹುದಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆ ದಿನ ಮತ್ತೆ ಹತ್ತಲಿಲ್ಲ. ಉರಿ ಸಂಜೆಯವರೆಗೂ ಇತ್ತು. ಅವ್ವ ಮಾತ್ರ, ನೆತ್ತಿಯ ಮೇಲೆ ಅಂಥದ್ದೇನಿದೆ ನೋಡಿಯೇ ಬರುತ್ತೇನೆಂದು, ಸೀರೆಯ ಸೆರಗು ಸಿಕ್ಕಿಸಿಕೊಂಡು ನಡೆದೇ ಹೋದಳು.