ಗದ್ದಕ್ಕೆ ನೂಲು ಹಚ್ಚದ ಬೆಳಗು

ಕಮಲಾಪುರದಲ್ಲಿ ಬೆಳಗಿನ ಐದು ಗಂಟೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಮನೆಗೆ ದೀಪ. ದಿಲ್ಶಾದ್ ಬೇಗಂ ನೂಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಹುರಿ ಮಾಡಿ, ಹೆಂಗಸೊಬ್ಬಳ ಮೇಲ್ದುಟಿಯ ಮೇಲೆ ಸರಸರ ಓಡಿಸಿ ಕೂದಲು ಕೀಳುತ್ತಿದ್ದಾರೆ. ಹುಬ್ಬು ತಿದ್ದಿಸಿಕೊಳ್ಳುವವರು ಹಗಲಲ್ಲೇ ಬರುತ್ತಾರೆ. ಗದ್ದ, ಮೀಸೆಯ ಕಷ್ಟದವರು ಮಾತ್ರ ಕತ್ತಲಲ್ಲಿ, ಸೆರಗು ಮುಚ್ಚಿಕೊಂಡು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಆಕೆ ಎದ್ದು ಹೋಗುತ್ತಲೇ ಬಂಡೆಮ್ಮ ಮಗಳನ್ನು ಕರೆದುಕೊಂಡು ಒಳಗೆ ಬರುತ್ತಾರೆ. ಸುಮಂಗಲಾಗೆ ಹದಿನೇಳು. ದವಾಖಾನೆಗೆ ತೋರಿಸಿ ಎಂದು ಎರಡು ತಿಂಗಳಿಂದ ಬೆನ್ನು ಹತ್ತಿದವರು ದಿಲ್ಶಾದ್ ಅವರೇ.

"ಇವತ್ತ ಕಲಬುರಗಿಗೆ ಹೊಂಟೀವ್ರಿ ಆಪಾ. ಜರಾ ಗದ್ದ ಸಾಫ್ ಮಾಡಿಕೊಡ್ರಿ."

ದಿಲ್ಶಾದ್ ನೂಲಿನ ಉಂಡೆಯನ್ನು ಕೆಳಗಿಡುತ್ತಾರೆ. "ಇವತ್ತ ನೂಲು ಹಚ್ಚಂಗಿಲ್ಲ ಬಂಡೆಮ್ಮಾ. ಡಾಕ್ಟರಮ್ಮಗ ತೋರ್ಸೋದೇ ಇದನ್ನ."

"ಬಸ್ಸಿನಾಗ ಮಂದಿ ನೋಡ್ತಾರ್ರಿ. ಈಕಿ ಹಿಂಗ ಬರಂಗಿಲ್ಲ ಅಂತಾಳ."

ಹುಡುಗಿ ಗೋಡೆ ನೋಡುತ್ತಾಳೆ. ಇವತ್ತು ಹೋಗದಿದ್ದರೆ ಮತ್ತೆ ಹೋಗುವುದು ಅನುಮಾನ. ಆದರೂ ದಿಲ್ಶಾದ್ ನೂಲು ಮುಟ್ಟುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡವರು ಅವರು.

ವಯಸ್ಸು ನಲವತ್ತಾರು, ಈ ಕಸುಬಿಗೆ ಇಪ್ಪತ್ತೆರಡು ವರ್ಷ. ದಿನಕ್ಕೆ ಹದಿನೈದು ಮುಖ. ನೂಲು ಗಂಡ ಕರೀಂಸಾಬ್ ಅವರ ಟೇಲರ್ ಡಬ್ಬಿಯದು. ಎಳೆದೆಳೆದು ತೋರುಬೆರಳಿನಲ್ಲಿ ಗೆರೆ ಬಿದ್ದಿದೆ. ಆರು ವರ್ಷದ ಹಿಂದೆ ತಂಗಿಯ ಮಗಳು ಹೀನಾಳ ಗದ್ದದಲ್ಲಿ ಕೂದಲು ಒತ್ತಾಗಿ ಬಂದಾಗ, ದವಾಖಾನೆಗೆ ಹೋಗುವ ಹುಡುಗಿ ಚಂದ ಕಾಣಲಿ ಎಂದು ಇವರೇ ಮುಖ ನುಣ್ಣಗೆ ಮಾಡಿ ಕಳಿಸಿದ್ದರು. ಹೀನಾ ನಾಚಿಕೆಗೆ ಬಾಯಿ ಬಿಡಲಿಲ್ಲ. ನುಣುಪು ಮುಖದಲ್ಲಿ ಡಾಕ್ಟರಿಗೆ ಕಂಡದ್ದು ಸುಸ್ತು ಮಾತ್ರ. ರಕ್ತ ಹೆಚ್ಚಲು ಗುಳಿಗೆ ಬರೆದರು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

"ಆ ವರ್ಷ ನಾನೇ ತಿಂದೆ" ಎನ್ನುತ್ತಾರೆ. ಹೇಳುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಹೀನಾಳ ಕಾಯಿಲೆಯ ಮೂಲ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಎರಡು ಪುಟ್ಟ ಗ್ರಂಥಿಗಳಲ್ಲಿತ್ತು. ಅಡ್ರಿನಲ್ ಎಂದು ಅವುಗಳ ಹೆಸರು. ಗಂಡಸರ ಹಾರ್ಮೋನು ಎನ್ನುತ್ತೇವಲ್ಲ, ಅದನ್ನು ಹೆಂಗಸರ ಮೈಯಲ್ಲೂ ಅವು ಒಂಚೂರು ತಯಾರಿಸುತ್ತವೆ, ಅದು ಬೇಕು ಕೂಡ. ಅಳತೆ ಮೀರಿದರೆ ಗದ್ದದಲ್ಲಿ ಕೂದಲು, ಬಿಡದ ಮೊಡವೆ, ಮುಟ್ಟಿನಲ್ಲಿ ಏರುಪೇರು.

"ಎಲ್ಲಾ ಕೂದಲಾನೂ ಬ್ಯಾನಿ ಅಲ್ರಿ. ಕೆಲವರಿಗಿ ಮನೆತನದಾಗೇ ಇರ್ತದ, ಕೆಲವರಿಗಿ ಗರ್ಭಚೀಲದ ಬಾಜೂಕಿನ ಅಂಡಾಶಯದ ತಕರಾರು. ನಾ ಡಾಕ್ಟರ್ ಅಲ್ಲ. ಆದ್ರ ಇಪ್ಪತ್ತು ದಿನಕ್ಕ ಬರೋ ಕೂದಲ ಎಂಟು ದಿನಕ್ಕ ಬಂದ್ರ ನನ್ನ ಬೆರಳಿಗಿ ತಿಳೀತದ" ಎನ್ನುತ್ತಾರೆ ದಿಲ್ಶಾದ್. ಸುಮಂಗಲಾಳ ಕೂದಲು ಎಂಟೇ ದಿನಕ್ಕೆ ಮತ್ತೆ ಬರುತ್ತಿತ್ತು. ಮುಟ್ಟು ನಾಲ್ಕು ತಿಂಗಳಿಗೊಮ್ಮೆ.

ದಿಲ್ಶಾದ್ ತಮ್ಮ ಓಢಣಿ ತೆಗೆದು, ಊರಿನ ಕಾಲೇಜು ಹುಡುಗಿಯರು ಧೂಳಿಗೆ ಕಟ್ಟಿಕೊಳ್ಳುವಂತೆ, ಕಣ್ಣಷ್ಟೇ ಕಾಣುವ ಹಾಗೆ ಸುಮಂಗಲಾಗೆ ಕಟ್ಟುತ್ತಾರೆ. "ನಡಿ ಬೇಟಾ, ನಾನೂ ಬರ್ತೀನಿ." ಮನೆಗೆ ಬೀಗ ಬೀಳುತ್ತದೆ. ಮೊದಲ ಬಸ್ಸು, ಖಾಲಿ ಹೊಟ್ಟೆ. ಈ ಹಾರ್ಮೋನಿನ ರಕ್ತಪರೀಕ್ಷೆ ಎಂಟರ ಸುಮಾರಿಗೇ ಆಗಬೇಕು ಎಂಬುದು ಹೀನಾಳ ಕಾಲದಲ್ಲೇ ದಿಲ್ಶಾದ್ ಅವರಿಗೆ ತಿಳಿದದ್ದು. ಕಲಬುರಗಿಯಲ್ಲಿ ರಕ್ತ ಕೊಟ್ಟ ಮೇಲೆ ಡಾಕ್ಟರಮ್ಮ ಹುಡುಗಿಯ ಗದ್ದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಾರೆ. "ಛಲೋ ಮಾಡಿದಿ, ಹಂಗೇ ಬಂದಿ" ಎನ್ನುತ್ತಾರೆ.

ಆ ಬೆಳಗಿಗೆ ಈಗ ಏಳು ತಿಂಗಳು. ಸುಮಂಗಲಾಳದೂ ಅಡ್ರಿನಲ್ ತೊಂದರೆಯೇ ಆಗಿತ್ತು. ದಿನಕ್ಕೊಂದು ಸಣ್ಣ ಗುಳಿಗೆ. ಡಾಕ್ಟರನ್ನು ಕೇಳದೆ ಬಿಡುವಂತಿಲ್ಲ. ಮುಟ್ಟು ತಿಂಗಳಿಗೆ ಬರುತ್ತಿದೆ. ಕೂದಲು ಒಮ್ಮೆಲೇ ಹೋಗಿಲ್ಲ, ನೂಲು ಇನ್ನೂ ಬೇಕು, ಆದರೆ ಇಪ್ಪತ್ತೈದು ದಿನಕ್ಕೊಮ್ಮೆ. ಸುಮಂಗಲಾ ಈಗ ಬರುವುದು ಹಗಲು ಹನ್ನೊಂದಕ್ಕೆ, ಹುಬ್ಬಿನವರ ಸಾಲಿನಲ್ಲಿ ಕೂತು, ಓಢಣಿಯನ್ನು ಮಡಿಚಿ ಬ್ಯಾಗಿನಲ್ಲಿಟ್ಟು.

ಏನು ಆಸೆ ಎಂದರೆ ದಿಲ್ಶಾದ್ ಬೆರಳಿನ ಗೆರೆ ಉಜ್ಜಿಕೊಂಡು ನಗುತ್ತಾರೆ. "ಎಲ್ಲಾರೂ ಈಕಿಯಂಗ ಹಗಲಾಗೇ ಬರ್ಲಿರಿ. ನಾನೂ ಒಂದಿನ ಬಿಸಲು ಬೀಳೋತನಕ ಮಲಗ್ತೀನಿ."